ಕವರ್ ಹಾಕಿದ ಪಿಕಪ್‌ನಲ್ಲಿ ಕಯಾಕ್ ಒಯ್ಯುವುದು: ಯಾವ ವಿಧಾನ ಯಾರಿಗೆ ಸರಿ?

ಬೆಂಗಳೂರಿನಲ್ಲಿ ಪಿಕಪ್ ಓಡಿಸುವವರಿಗೆ ಹಿಂದೆ ಸಾಮಾನು ಹೇರುವ ಬೆಡ್ ಮೇಲಿನ ಕವರ್ ಎಷ್ಟು ಮುಖ್ಯ ಅಂತ ಬೇರೆಯವರು ಹೇಳಬೇಕಿಲ್ಲ. ಮಧ್ಯಾಹ್ನ ಬಿಸಿಲು ಇರುತ್ತದೆ, ಸಂಜೆ ಆಫೀಸ್ ಬಿಡುವ ಹೊತ್ತಿಗೆ ಮಳೆ ಸುರಿಯುತ್ತದೆ. ಸಿಲ್ಕ್ ಬೋರ್ಡ್ ಹತ್ತಿರ ಅರ್ಧ ಗಂಟೆ ನಿಂತರೆ ಹಿಂದೆ ಇಟ್ಟ ಬ್ಯಾಗಿನ ಮೇಲೆ ಕಣ್ಣಿಡೋದು ಹೇಗೆ? ಕವರ್ ಇದ್ದರೆ ನೆಮ್ಮದಿ. ಆದರೆ ಮನೆಗೆ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ) ಬಂದ ದಿನ ಅದೇ ಕವರ್ ಅಡ್ಡ ಬರುತ್ತದೆ. ತೆಗೆಯೋದಾ, ಮುಚ್ಚಿಟ್ಟು ಮೇಲೆ ಹೇರೋದಾ, ಅಥವಾ ಕವರ್‌ನ ತಂಟೆಗೇ ಹೋಗದೆ ಕ್ಯಾಬಿನ್ ಮೇಲೆ ಕಟ್ಟೋದಾ?

ಇದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರ ಇಲ್ಲ. ಆದರೆ ಎರಡು ಪ್ರಶ್ನೆಗೆ ನೀವು ನಿಜವಾದ ಉತ್ತರ ಕೊಟ್ಟುಕೊಂಡರೆ ಮುಕ್ಕಾಲು ಪಾಲು ಗೊಂದಲ ಅಲ್ಲೇ ಮುಗಿಯುತ್ತದೆ. ಒಂದು, ದಾರಿಯುದ್ದಕ್ಕೂ ಕವರ್ ಮುಚ್ಚಿಯೇ ಇರಬೇಕಾ? ಎರಡು, ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ? ಸ್ವಂತ ಮನೆಯ ಅಂಗಳದಲ್ಲೋ, ರಸ್ತೆ ಬದಿಯಲ್ಲೋ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೋ? ಯಾವ ಬ್ರ್ಯಾಂಡಿನ ಕ್ಯಾರಿಯರ್ ಅನ್ನೋದು ಇವೆರಡು ಗೊತ್ತಾದ ಮೇಲಿನ ಮಾತು.

ಮೊದಲು ಟೇಪ್ ಹಿಡಿಯಿರಿ

ನಮ್ಮಲ್ಲಿ ಸ್ವಂತ ಬಳಕೆಗೆ ಜನ ಕೊಳ್ಳುವ ಪಿಕಪ್ ಅಂದರೆ ಹೆಚ್ಚಾಗಿ ಇಸುಝು ವಿ-ಕ್ರಾಸ್, ಇಲ್ಲವೇ 2022ರಲ್ಲಿ ಇಲ್ಲಿಗೆ ಬಂದ ಟೊಯೋಟಾ ಹೈಲಕ್ಸ್. ಎರಡೂ ನಾಲ್ಕು ಬಾಗಿಲಿನ ಗಾಡಿಗಳು. ಒಟ್ಟು ಉದ್ದ ಸುಮಾರು 5.3 ಮೀಟರ್, ಎತ್ತರ 1.8 ಮೀಟರ್ ಆಸುಪಾಸು. ಆದರೆ ಬೆಡ್‌ನ ಉದ್ದ ಸುಮಾರು 1.5 ಮೀಟರ್ ಮಾತ್ರ, ಅಂದರೆ ಐದು ಅಡಿ. ಟೇಲ್‌ಗೇಟ್, ಅಂದರೆ ಬೆಡ್‌ನ ಹಿಂದಿನ ಬಾಗಿಲು ಇಳಿಸಿದರೆ ಇನ್ನೊಂದು ಅರ್ಧ ಮೀಟರ್ ಸಿಗಬಹುದು.

ಈಗ ಕಯಾಕ್ ಕಡೆ ನೋಡೋಣ. ಕಲ್ಲು ಬಂಡೆಗಳ ನಡುವೆ ರಭಸವಾಗಿ ಹರಿಯುವ ನೀರಿಗೆ ಮಾಡಿದ ಗಿಡ್ಡ ಕಯಾಕ್ ಏಳರಿಂದ ಒಂಬತ್ತು ಅಡಿ ಇರುತ್ತದೆ, ತೂಕ ಸುಮಾರು 20 ಕಿಲೋ. ಹಿನ್ನೀರಿನಲ್ಲಿ ಆರಾಮವಾಗಿ ತಿರುಗಾಡಲು ಜನ ಕೊಳ್ಳುವ, ಮೇಲೆ ಕೂರುವ ಪ್ಲಾಸ್ಟಿಕ್ ಕಯಾಕ್ ಹತ್ತರಿಂದ ಹನ್ನೆರಡು ಅಡಿ. ತೂಕ 20ರಿಂದ 30 ಕಿಲೋ, ಇಬ್ಬರು ಕೂರುವಂಥದ್ದಾದರೆ ಇನ್ನೂ ಜಾಸ್ತಿ. ದೂರ ಪ್ರಯಾಣದ, ಸಮುದ್ರದ ಕಯಾಕ್‌ಗಳು ಹದಿನಾಲ್ಕರಿಂದ ಹದಿನೇಳು ಅಡಿ. ಅಂದರೆ ಅತಿ ಗಿಡ್ಡ ಕಯಾಕ್ ಕೂಡ ನಮ್ಮ ಬೆಡ್‌ನಲ್ಲಿ ಚಪ್ಪಟೆಯಾಗಿ ಹಿಡಿಸುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಇಂಟರ್ನೆಟ್ಟಿನಲ್ಲಿ ಸಿಗುವ ವಿಡಿಯೊಗಳು ಹೆಚ್ಚಾಗಿ ಅಮೆರಿಕದವು. ಅಲ್ಲಿನ ದೊಡ್ಡ ಪಿಕಪ್‌ಗಳಿಗೆ ಆರೂವರೆ ಅಡಿ, ಎಂಟು ಅಡಿ ಬೆಡ್ ಕೂಡ ಇರುತ್ತದೆ. ಕವರ್‌ಗೆ ಅಂಟಿಕೊಂಡಂತೆ ತಗ್ಗಿನಲ್ಲಿ ಎರಡು ಅಡ್ಡ ಕಂಬಿ ಹಾಕಿ, ಅದರ ಮೇಲೆ ಸಾಮಾನು ಬಿಗಿಯುವುದನ್ನು ತೋರಿಸುತ್ತಾರೆ. ನೋಡಲು ಚೆಂದ. ನಮ್ಮ ಐದು ಅಡಿ ಬೆಡ್‌ನಲ್ಲಿ ಅದೇ ಕಂಬಿ ಹಾಕಿಸಿ ಹತ್ತು ಅಡಿ ಕಯಾಕ್ ಇಟ್ಟರೆ ಅದರ ಮೂತಿ ಕ್ಯಾಬಿನ್‌ನ ಹಿಂದಿನ ಗಾಜಿಗೆ ತಾಗುತ್ತದೆ. ಹಿಂದಕ್ಕೆ ಸರಿಸಿದರೆ ಅರ್ಧ ಕಯಾಕ್ ರಸ್ತೆಯ ಮೇಲೆ ತೂಗಾಡುತ್ತದೆ. ತಗ್ಗು ಕಂಬಿ ಸೈಕಲ್‌ಗೆ, ಟೆಂಟಿಗೆ, ಪೆಟ್ಟಿಗೆಗಳಿಗೆ ಸರಿ. ಕಯಾಕ್‌ಗೆ ಬೇಡ. ನಮ್ಮ ಗಾಡಿಯಲ್ಲಿ ಕಯಾಕ್ ಒಂದೋ ಓರೆಯಾಗಿ ನಿಲ್ಲಬೇಕು, ಇಲ್ಲವೇ ಕ್ಯಾಬಿನ್‌ನ ಎತ್ತರಕ್ಕೆ ಹೋಗಬೇಕು.

ನಿಮ್ಮ ಕವರ್ ಯಾವುದು?

ಸುರುಳಿ ಸುತ್ತುವ ಮೆತ್ತನೆಯ ವಿನೈಲ್ ಕವರ್ ಅಗ್ಗ, ಹಗುರ. ಎರಡು ನಿಮಿಷದಲ್ಲಿ ಸುತ್ತಿ ಕ್ಯಾಬಿನ್ ಪಕ್ಕಕ್ಕೆ ಕಟ್ಟಬಹುದು. ಅದರ ಮೇಲೆ ಭಾರ ಮಾತ್ರ ಹಾಕಲೇಬಾರದು. ಬರಿಯ ಕಯಾಕ್ ತಾನೇ ಅಂತ ಇಟ್ಟರೂ ಬಟ್ಟೆ ಜೋತು ಬೀಳುತ್ತದೆ, ಆ ಗುಂಡಿಯಲ್ಲಿ ಮಳೆನೀರು ನಿಲ್ಲುತ್ತದೆ.

ಮೂರು ಮಡಿಕೆಯ ಗಟ್ಟಿ ಕವರ್ ಸ್ವಲ್ಪ ಭಾರ ತಡೆಯುತ್ತದೆ. ಆದರೆ ಮಡಚಿದಾಗ ಹಲಗೆಗಳು ಒಂದರ ಮೇಲೊಂದು ಕೂತು ಬೆಡ್‌ನ ಮುಂಭಾಗವನ್ನು ಮುಚ್ಚುತ್ತವೆ. ಗಾಡಿ ಓಡುವಾಗ ಮಡಚಿದ ಹಲಗೆಗಳನ್ನು ಬೆಲ್ಟ್‌ನಿಂದ ಬಿಗಿದಿರಬೇಕು.

ಶಟರ್‌ನಂತೆ ಒಳಗೆ ಸರಿಯುವ ಅಲ್ಯುಮಿನಿಯಂ ರೋಲರ್ ಕವರ್ ಈಗ ಬಹಳ ಜನರ ಆಯ್ಕೆ. ಇದರ ಸುರುಳಿ ಡಬ್ಬಿ ಬೆಡ್‌ನ ಮುಂಭಾಗದಲ್ಲಿ, ಒಳಗಡೆ ಕೂರುತ್ತದೆ. ಮೊದಲೇ ಗಿಡ್ಡವಾದ ಬೆಡ್‌ನಲ್ಲಿ ಅಷ್ಟು ಜಾಗ ಹೋಯಿತು ಅಂತ ಲೆಕ್ಕ. ಆದರೆ ಕೆಲವು ರೋಲರ್ ಕವರ್‌ಗಳ ಪಕ್ಕದ ಹಳಿಯಲ್ಲಿ ಅಡ್ಡ ಕಂಬಿ ಕೂರಿಸಲು ತೋಡು ಇರುತ್ತದೆ. ಕಯಾಕ್ ಒಯ್ಯುವವರಿಗೆ ಇದು ದೊಡ್ಡ ಅನುಕೂಲ. ಕೊಳ್ಳುವ ಮೊದಲು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಇದು.

ಇನ್ನೊಂದು ಒಂದೇ ತುಂಡಿನ ಫೈಬರ್ ಅಥವಾ ಗಟ್ಟಿ ಪ್ಲಾಸ್ಟಿಕ್ ಮುಚ್ಚಳ, ಕಾರಿನ ಡಿಕ್ಕಿಯಂತೆ ಮೇಲೇಳುವುದು. ನೋಟಕ್ಕೆ ಇದರಷ್ಟು ಚೆಂದದ್ದು ಇನ್ನೊಂದಿಲ್ಲ. ಕಯಾಕ್ ವಿಷಯದಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ್ದು ಅನ್ನೋದು ನನ್ನ ಅಭಿಪ್ರಾಯ. ದಾರಿಯಲ್ಲಿ ಇದನ್ನು ತೆಗೆದಿಡಲು ಆಗುವುದಿಲ್ಲ. ಮೇಲೆ ಕಂಬಿ ಹಾದುಹೋದರೆ ಮುಚ್ಚಳ ಏಳುವುದಿಲ್ಲ. ಕಯಾಕ್ ಇಳಿಸದೆ ಒಳಗಿನ ಊಟದ ಡಬ್ಬಿಯೂ ಸಿಗುವುದಿಲ್ಲ. ಈ ಮುಚ್ಚಳ ಈಗಾಗಲೇ ಇದ್ದರೆ ಕ್ಯಾಬಿನ್ ಮೇಲಿನ ಕ್ಯಾರಿಯರ್ ಒಂದೇ ನಿಮಗೆ ಉಳಿದ ದಾರಿ ಅಂತ ಇಟ್ಟುಕೊಳ್ಳಿ.

ಓರೆಯಾಗಿ ನಿಲ್ಲಿಸುವುದು

ಗಿಡ್ಡ ಕಯಾಕ್ ಇದ್ದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕವರ್ ಪೂರ್ತಿ ತೆರೆಯಿರಿ. ಟೇಲ್‌ಗೇಟ್ ಮುಚ್ಚಿಯೇ ಇರಲಿ. ಕಯಾಕ್‌ನ ಹಿಂತುದಿಯನ್ನು ಬೆಡ್‌ನ ನೆಲದಲ್ಲಿ ಟೇಲ್‌ಗೇಟಿಗೆ ಒತ್ತಿ ಇಡಿ. ಮೂತಿಯನ್ನು ಕ್ಯಾಬಿನ್ ಮೇಲಕ್ಕೆ ಒರಗಿಸಿ. ಕ್ಯಾಬಿನ್ ಹಿಂದೆ ಸ್ಪೋರ್ಟ್ಸ್ ಬಾರ್ (ಬೆಡ್‌ಗೆ ಅಡ್ಡಲಾಗಿ ಕಮಾನಿನಂತೆ ನಿಲ್ಲುವ ಕೊಳವೆ) ಇದ್ದು, ಅದು ಬರೀ ಅಂದಕ್ಕೆ ಹಾಕಿದ್ದಲ್ಲದೆ ಗಟ್ಟಿಯಾಗಿ ಬೋಲ್ಟ್ ಆಗಿದ್ದರೆ ಭಾರ ಅದರ ಮೇಲೆ ಕೂರಲಿ. ಇಲ್ಲದಿದ್ದರೆ ಛಾವಣಿಯ ಅಂಚಿಗೆ ದಪ್ಪ ಫೋಮ್ ಹಾಕಲೇಬೇಕು.

ಎಂಟು ಅಡಿ ಕಯಾಕ್ ಹೀಗೆ ಕೂತರೆ ಕ್ಯಾಬಿನ್ ಮೇಲೆ ಸ್ವಲ್ಪವೇ ಚಾಚುತ್ತದೆ. ಹಿಂದಕ್ಕೆ ಒಂದು ಇಂಚೂ ಚಾಚುವುದಿಲ್ಲ. ಒಬ್ಬರೇ ಹೇರಬಹುದು, ಯಾಕೆಂದರೆ ಒಂದು ತುದಿ ಬೆಡ್‌ನಲ್ಲಿ ಊರಿದ ಮೇಲೆ ಇನ್ನೊಂದು ತುದಿ ಎತ್ತುವುದಷ್ಟೇ ಕೆಲಸ. ಖರ್ಚು ನಾಲ್ಕು ಬೆಲ್ಟ್ ಮತ್ತು ಫೋಮ್. ಕಾಳಿ ನದಿಯ ಗಣೇಶಗುಡಿ ಕಡೆಗೋ, ಮಳೆಗಾಲದಲ್ಲಿ ಹೆಬ್ರಿ ಹತ್ತಿರದ ಸೀತಾ ನದಿಗೋ, ಕೊಡಗಿನ ಬರಪೊಳೆಗೋ ಹೋಗುವ ಗಿಡ್ಡ ಕಯಾಕ್‌ಗಳಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಬೆಲೆ ತೆರಬೇಕಾದ್ದು ಕವರ್ ವಿಷಯದಲ್ಲಿ. ಅದು ತೆರೆದೇ ಇರುತ್ತದೆ. ಶಿರಾಡಿ ಘಾಟಿಯಲ್ಲಿ ಮಳೆ ಹಿಡಿದರೆ ಬೆಡ್‌ನಲ್ಲಿರುವುದೆಲ್ಲ ನೆನೆಯುತ್ತದೆ. ಊಟಕ್ಕೆ ನಿಲ್ಲಿಸಿದಾಗ ಸಾಮಾನು ಬಯಲಲ್ಲಿ ಇರುತ್ತದೆ. ಬಟ್ಟೆಬರೆ ಹಿಂದಿನ ಸೀಟಿಗೆ, ಒದ್ದೆಯಾದರೂ ಪರವಾಗಿಲ್ಲ ಅನ್ನುವ ಹುಟ್ಟು, ಲೈಫ್ ಜಾಕೆಟ್, ಹಗ್ಗ ಬೆಡ್‌ಗೆ. ಇಬ್ಬರು ಪ್ರಯಾಣಿಸುವಾಗ ಇದು ಸಲೀಸು. ಮಕ್ಕಳೂ ಸೇರಿ ಐದು ಜನ ಹೊರಟರೆ ನಡೆಯುವುದಿಲ್ಲ. ಕವರ್ ಪ್ರಕಾರವೂ ಲೆಕ್ಕಕ್ಕೆ ಬರುತ್ತದೆ: ವಿನೈಲ್ ಸುರುಳಿ ಕೆಳಗೇ ಉಳಿಯುತ್ತದೆ, ಕಯಾಕ್ ಅದರ ಮೇಲಿನಿಂದ ಹಾದುಹೋಗುತ್ತದೆ. ಮೂರು ಮಡಿಕೆಯದು ಅಡ್ಡ ಬರುವ ಸಾಧ್ಯತೆ ಜಾಸ್ತಿ.

ಹತ್ತು ಅಡಿಯ ಕಯಾಕನ್ನೂ ಹೀಗೆ ಒಯ್ಯಬಹುದು. ಆದರೆ ಮೇಲಕ್ಕೆ ಚಾಚಿದ ಮೂತಿಯ ಅಡಿಗೆ ಎದುರುಗಾಳಿ ನುಗ್ಗಿ ಎತ್ತಲು ನೋಡುತ್ತದೆ. ಮೂತಿಯಿಂದ ಮುಂದಿನ ಕೊಕ್ಕೆಗೆ ಹಗ್ಗ ಕಟ್ಟದೆ ಹೆದ್ದಾರಿಗೆ ಇಳಿಯಬೇಡಿ. ಹನ್ನೆರಡು ಅಡಿ ದಾಟಿತೋ, ಈ ವಿಧಾನ ಮರೆತುಬಿಡಿ.

ಟೇಲ್‌ಗೇಟ್ ಇಳಿಸಿ ಕಯಾಕನ್ನು ಚಪ್ಪಟೆಯಾಗಿ ಹಿಂದಕ್ಕೆ ಚಾಚಿಸುವುದು ಹೊರದೇಶಗಳಲ್ಲಿ ತುಂಬಾ ಬಳಕೆಯಲ್ಲಿದೆ. ಟೋ ಹಿಚ್‌ಗೆ (ಟ್ರೇಲರ್ ಎಳೆಯಲು ಗಾಡಿಯ ಹಿಂದೆ ಇರುವ ಕೊಂಡಿ) ಟಿ ಆಕಾರದ ಕಂಬಿ ಸಿಕ್ಕಿಸಿ ಅದರ ಮೇಲೆ ಭಾರ ಬಿಡುತ್ತಾರೆ. ಇಲ್ಲಿ ಬೇಡ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಹತ್ತು ಅಡಿ ಕಯಾಕ್ ಇಳಿಸಿದ ಟೇಲ್‌ಗೇಟನ್ನೂ ದಾಟಿ ಒಂದು ಮೀಟರ್ ಹೊರಗಿರುತ್ತದೆ. ಔಟರ್ ರಿಂಗ್ ರೋಡಿನಲ್ಲಿ ನಿಮ್ಮ ಬಂಪರ್‌ಗೆ ಅಂಟಿಕೊಂಡು ಬರುವ ಬೈಕ್ ಸವಾರರ ಎದೆಯ ಮಟ್ಟಕ್ಕೆ ಆ ತುದಿ ಇರುತ್ತದೆ. ರಾತ್ರಿ ಹೊತ್ತು ಅದು ಕಾಣುವುದೂ ಇಲ್ಲ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 194(1ಎ) ಸೇರಿತು. ಅನುಮತಿಸಿದ ಮಿತಿ ಮೀರಿ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಅಥವಾ ಮೇಲಕ್ಕೆ ಸರಕು ಚಾಚಿದ್ದರೆ 20,000 ರೂಪಾಯಿ ದಂಡ, ಜೊತೆಗೆ ಸರಕು ಇಳಿಸಿದ ಖರ್ಚು. ಕೆಂಪು ಬಟ್ಟೆ ಕಟ್ಟಿದೆ ಅಂದರೆ ಸಾಲುವುದಿಲ್ಲ. ದಂಡಕ್ಕಿಂತ ಆ ಬೈಕ್ ಸವಾರರ ಮಾತು ದೊಡ್ಡದು.

ಕ್ಯಾಬಿನ್ ಛಾವಣಿಯ ಮೇಲೆ ಮಾತ್ರ

ಕವರ್ ಯಾವುದೇ ಇರಲಿ, ಇದು ಅದನ್ನು ಮುಟ್ಟುವುದೇ ಇಲ್ಲ. ಛಾವಣಿಗೆ ಎರಡು ಅಡ್ಡ ಕಂಬಿ, ಮೇಲೆ ಫೋಮ್ ಅಥವಾ ಜೆ ಆಕಾರದ ತೊಟ್ಟಿಲು. ಬೆಡ್ ಪೂರ್ತಿ ನಿಮ್ಮದು, ಬೀಗ ಹಾಕಿ ಹೊರಡಬಹುದು. ಕಾರಿಗೆ ಹಾಕುವ ಕ್ಯಾರಿಯರ್ ಥರವೇ ಆದ್ದರಿಂದ ಸಿಗುವುದೂ ಸುಲಭ.

ಕೊರತೆ ಇರುವುದು ಛಾವಣಿಯ ಉದ್ದದಲ್ಲಿ. ನಾಲ್ಕು ಬಾಗಿಲ ಪಿಕಪ್‌ನ ಛಾವಣಿ ಗಿಡ್ಡ. ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಂತರವೂ ಸಿಗುವುದು ಕಷ್ಟ. ಅಷ್ಟು ಹತ್ತಿರದ ಎರಡು ಊರುಗೋಲಿನ ಮೇಲೆ ಹನ್ನೆರಡು ಅಡಿ ಕಯಾಕ್ ಇಟ್ಟರೆ ಪ್ರತಿ ಹಂಪ್‌ನಲ್ಲೂ ಎರಡು ತುದಿ ಮೇಲೆ ಕೆಳಗೆ ತೂಗುತ್ತವೆ. ಪಕ್ಕದಿಂದ ಲಾರಿ ದಾಟಿದಾಗ ಮೂತಿ ಎಡಕ್ಕೆ ಬಲಕ್ಕೆ ಹೊಯ್ದಾಡುತ್ತದೆ. ಹಾಗಾಗಿ ಮುಂದಿನ ಹಗ್ಗ, ಹಿಂದಿನ ಹಗ್ಗ ಎರಡೂ ಕಡ್ಡಾಯ. ಹತ್ತು ಅಡಿ ಒಳಗಿನ, 25 ಕಿಲೋ ಒಳಗಿನ ಕಯಾಕ್‌ಗೆ ಇದು ಒಳ್ಳೆಯ ದಾರಿ. ಹದಿನಾಲ್ಕು ಅಡಿಗೆ ನಾನು ಒಪ್ಪುವುದಿಲ್ಲ.

ಹೇರುವ ಕಷ್ಟವನ್ನೂ ಲೆಕ್ಕ ಹಾಕಿ. ಕಂಬಿ ಸೇರಿ ಸುಮಾರು ಆರೂವರೆ ಅಡಿ ಎತ್ತರಕ್ಕೆ ಎತ್ತಬೇಕು. ಎಸ್‌ಯುವಿಯಲ್ಲಾದರೆ ಹಿಂದಿನಿಂದ ಒರಗಿಸಿ ತಳ್ಳಬಹುದು. ಇಲ್ಲಿ ಹಿಂದೆ ಬೆಡ್ ಇದೆ, ಪಕ್ಕದಿಂದಲೇ ಎತ್ತಬೇಕು. ಇಬ್ಬರು ಬೇಕು. ದಿನವಿಡೀ ಹುಟ್ಟು ಹಾಕಿ ತೋಳು ಸೋತ ಮೇಲೆ ವಾಪಸ್ ಹೇರಬೇಕಲ್ಲ, ಆಗ ಇಬ್ಬರೂ ಇರುತ್ತೀರಾ ಅಂತ ಯೋಚಿಸಿ.

ಇನ್ನು ಎತ್ತರ. ಗಾಡಿ 1.8 ಮೀಟರ್, ಕಂಬಿ ಹತ್ತು ಹನ್ನೆರಡು ಸೆಂಟಿಮೀಟರ್, ಚಪ್ಪಟೆಯಾಗಿ ಇಟ್ಟ ಕಯಾಕ್ ಇನ್ನೊಂದು 35ರಿಂದ 40. ಒಟ್ಟು 2.3 ಮೀಟರ್ ಹತ್ತಿರ. ಜೆ ತೊಟ್ಟಿಲಲ್ಲಿ ಮಗ್ಗುಲಾಗಿ ನಿಲ್ಲಿಸಿದರೆ 2.6 ಮುಟ್ಟುತ್ತದೆ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್, ಮಾಲ್‌ಗಳ ಬೇಸ್‌ಮೆಂಟ್ ಬಾಗಿಲಲ್ಲಿ 2.1 ಮೀಟರ್ ಅಂತ ಬರೆದಿರುತ್ತದೆ. ಖಾಲಿ ಕಂಬಿ ಹಾಕಿದ ಗಾಡಿ ಹೇಗೋ ನುಸುಳುತ್ತದೆ, ಕಯಾಕ್ ಸಮೇತ ಆಗುವುದಿಲ್ಲ. ಹಳೆಯ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಜೋತುಬಿದ್ದ ಇಂಟರ್ನೆಟ್ ಕೇಬಲ್‌ಗಳು, ತಗ್ಗಿನ ಮರದ ಕೊಂಬೆಗಳು ಬೇರೆ. ಜಯನಗರ, ಮಲ್ಲೇಶ್ವರದಂಥ ಕಡೆ ಮನೆ ಇದ್ದರೆ ಜೆ ತೊಟ್ಟಿಲು ಕೊಳ್ಳುವ ಮುಂಚೆ ಮನೆಯಿಂದ ಮುಖ್ಯರಸ್ತೆ ತನಕ ಒಮ್ಮೆ ತಲೆ ಎತ್ತಿ ನಡೆದು ನೋಡಿ. ಚಪ್ಪಟೆಯಾಗಿ ಇಡುವುದೇ ಇಲ್ಲಿ ಜಾಣತನ.

ಒಂದು ಕಂಬಿ ಕ್ಯಾಬಿನ್ ಮೇಲೆ, ಇನ್ನೊಂದು ಬೆಡ್ ಮೇಲೆ

ಹನ್ನೆರಡು ಅಡಿ ಅಥವಾ ಅದಕ್ಕಿಂತ ಉದ್ದದ ಗಟ್ಟಿ ಕಯಾಕ್ ಇದ್ದು, ಕವರ್ ಮುಚ್ಚಿಯೇ ಇರಬೇಕು ಅನ್ನುವವರಿಗೆ ಇದೇ ಸರಿಯಾದ ದಾರಿ ಅಂತ ನನ್ನ ನಂಬಿಕೆ. ಕ್ಯಾಬಿನ್ ಮೇಲೊಂದು ಕಂಬಿ. ಬೆಡ್‌ನ ಹಿಂಭಾಗದಲ್ಲಿ ಅದೇ ಎತ್ತರಕ್ಕೆ ಬರುವಂತೆ ಕಾಲು ಕೊಟ್ಟ ಇನ್ನೊಂದು ಕಂಬಿ. ಎರಡರ ನಡುವೆ ಎರಡು ಮೀಟರ್‌ವರೆಗೆ ಅಂತರ ಸಿಗುತ್ತದೆ. ಕಯಾಕ್ ಅಲುಗದೆ ಕೂರುತ್ತದೆ. ಗಾಡಿಯ ಉದ್ದ 5.3 ಮೀಟರ್ ಇರುವುದರಿಂದ 17 ಅಡಿಯ, ಅಂದರೆ 5.2 ಮೀಟರ್‌ನ ಸಮುದ್ರ ಕಯಾಕನ್ನೂ ಸರಿಯಾಗಿ ಹೊಂದಿಸಿದರೆ ಹಿಂದಕ್ಕಾಗಲಿ ಮುಂದಕ್ಕಾಗಲಿ ಚಾಚದ ಹಾಗೆ ಒಯ್ಯಬಹುದು. ಪಿಕಪ್‌ನ ನಿಜವಾದ ಅನುಕೂಲ ಇಲ್ಲೇ ಇರುವುದು. ಇಷ್ಟು ಉದ್ದದ ದೋಣಿಯನ್ನು ಸಾಮಾನ್ಯ ಕಾರಿನ ಮೇಲೆ ಹೀಗೆ ಒಯ್ಯಲು ಆಗುವುದಿಲ್ಲ.

ಆದರೆ ಒಂದು ತಾಂತ್ರಿಕ ಸಂಗತಿ ಅರ್ಥ ಮಾಡಿಕೊಳ್ಳಬೇಕು. ಪಿಕಪ್‌ನ ಕ್ಯಾಬಿನ್ ಮತ್ತು ಬೆಡ್ ಒಂದೇ ತುಂಡಲ್ಲ. ಎರಡೂ ಕೆಳಗಿನ ಚಾಸಿಸ್ ಮೇಲೆ ಬೇರೆ ಬೇರೆಯಾಗಿ ಕೂತಿವೆ. ನಡುವೆ ಒಂದು ಸಂದು ಕಾಣುತ್ತದೆ, ಅಲ್ವಾ? ಅದು ಬೇಕಂತಲೇ ಬಿಟ್ಟ ಜಾಗ. ಒಂದು ಚಕ್ರ ಗುಂಡಿಗೆ ಇಳಿದಾಗ ಚಾಸಿಸ್ ಸ್ವಲ್ಪ ತಿರುಚುತ್ತದೆ, ಕ್ಯಾಬಿನ್ ಒಂದು ಕಡೆ ವಾಲಿದರೆ ಬೆಡ್ ಇನ್ನೊಂದು ಕಡೆ ವಾಲುತ್ತದೆ. ಎರಡಕ್ಕೂ ಸೇರಿಸಿ ಕಬ್ಬಿಣದ ಫ್ರೇಮ್ ವೆಲ್ಡ್ ಮಾಡಿಸಿದರೆ ಆ ತಿರುಚು ಫ್ರೇಮಿನ ಮೇಲೆ ಬೀಳುತ್ತದೆ, ಬೆಸುಗೆ ಬಿಡುತ್ತದೆ, ಇಲ್ಲವೇ ಛಾವಣಿಯ ತಗಡು ಬಾಗುತ್ತದೆ. ಆದ್ದರಿಂದ ಎರಡು ಕಂಬಿಗಳೂ ಬೇರೆ ಬೇರೆಯಾಗಿಯೇ ಇರಬೇಕು. ಅವುಗಳನ್ನು ಜೋಡಿಸುವುದು ಕಯಾಕ್ ಮಾತ್ರ, ಅದೂ ಬೆಲ್ಟ್ ಮೂಲಕ.

ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಕಯಾಕ್ ಇಷ್ಟು ತಿರುಚನ್ನು ಸುಲಭವಾಗಿ ತಡೆಯುತ್ತದೆ. ಫೈಬರ್ ಗ್ಲಾಸ್ ಅಥವಾ ಕಾರ್ಬನ್ ಕಯಾಕ್ ಹಾಗಲ್ಲ. ಅದಕ್ಕೆ ಎರಡೂ ಕಡೆ ಅಗಲವಾದ ಮೆತ್ತನೆಯ ತೊಟ್ಟಿಲು ಬೇಕು. ಮುಂದಿನ ಬೆಲ್ಟ್ ಬಿಗಿಯಾಗಿ, ಹಿಂದಿನದು ಒಂದು ಎಳೆ ಸಡಿಲವಾಗಿ ಇರಬೇಕು. ಮಣ್ಣಿನ ದಾರಿಯಲ್ಲಿ ನಿಧಾನಕ್ಕೆ ಹೋಗಬೇಕು. ತಾಳಗುಪ್ಪ ದಾಟಿ ಹೊನ್ನೆಮರಡು ಕಡೆಗೆ ಇಳಿಯುವಾಗ, ಲಿಂಗನಮಕ್ಕಿ ಹಿನ್ನೀರಿನ ದಂಡೆಗೆ ಹೋಗುವ ಯಾವ ಕಾಡುದಾರಿಯಲ್ಲೇ ಆಗಲಿ, ಇದು ನೆನಪಿರಲಿ.

ಬೆಡ್ ಮೇಲಿನ ಕಂಬಿ ಎಲ್ಲಿಗೆ ಬಿಗಿಯುತ್ತದೆ ಅನ್ನುವುದರ ಮೇಲೆ ಕವರ್‌ನ ಕಥೆ ನಿಂತಿದೆ. ಹಳಿಯಲ್ಲಿ ತೋಡು ಇರುವ ರೋಲರ್ ಕವರ್ ಆದರೆ ಕೆಲಸ ಸಲೀಸು. ಕಂಬಿಯ ಕಾಲು ತೋಡಿನಲ್ಲಿ ಕೂರುತ್ತದೆ, ಕವರ್ ಅದರ ಕೆಳಗೆ ತೆರೆದು ಮುಚ್ಚುತ್ತದೆ. ಕಯಾಕ್ ಮೇಲಿದ್ದರೂ ಟೇಲ್‌ಗೇಟ್ ಇಳಿಸಿ ಸಾಮಾನು ತೆಗೆಯಬಹುದು. ಮೂರು ಮಡಿಕೆಯ ಕವರ್‌ಗಳಲ್ಲಿ ಕೆಲವು ಬೆಡ್‌ನ ಒಳಅಂಚಿನಲ್ಲಿ ಕೂರುತ್ತವೆ, ಆಗ ಹೊರಅಂಚಿಗೆ ಕ್ಲಾಂಪ್ ಹಾಕಬಹುದು. ಅಂಚಿನ ಮೇಲೇ ಹರಡಿ ಕೂರುವ ಕವರ್ ಆದರೆ ಕ್ಲಾಂಪಿಗೆ ಜಾಗ ಇರುವುದಿಲ್ಲ, ಕೊರೆಯಬೇಕಾಗುತ್ತದೆ. ಕೊರೆದ ಕಡೆ ನೀರು ಇಳಿಯುತ್ತದೆ, ತುಕ್ಕು ಹಿಡಿಯುತ್ತದೆ. ಕೊರೆಯಲೇಬೇಕು ಅಂದರೆ ತುಕ್ಕು ನಿರೋಧಕ ಪ್ರೈಮರ್ ಬಳಿದು, ರಬ್ಬರ್ ವಾಷರ್ ಹಾಕಿ ಸೀಲಂಟ್ ತುಂಬಿಸಿ.

ಕವರ್ ಮೇಲಿನ ಭಾರದ ಮಿತಿ ಒಂದು, ಹಳಿಯ ಮೇಲಿನ ಕಂಬಿಯ ಭಾರದ ಮಿತಿ ಇನ್ನೊಂದು. ಅಂಗಡಿಯವರು ಎರಡನ್ನೂ ಬೆರೆಸಿ ಹೇಳಬಹುದು. ಗಾಡಿ ನಿಂತಾಗಿನ ಮಿತಿ, ಓಡುವಾಗಿನ ಮಿತಿ ಕೂಡ ಬೇರೆ. ನಿಮಗೆ ಬೇಕಾದ್ದು ಓಡುವಾಗಿನ ಸಂಖ್ಯೆ, ಅದೂ ಬರವಣಿಗೆಯಲ್ಲಿ. ಕಯಾಕ್ ತೂಕದ ಜೊತೆಗೆ ಕಂಬಿ, ತೊಟ್ಟಿಲುಗಳ ತೂಕವನ್ನೂ ಸೇರಿಸಿ ಲೆಕ್ಕ ಹಾಕಿ.

ಜೆ.ಸಿ. ರಸ್ತೆಯಲ್ಲಿ ಗಾಡಿಗೆ ಬೇಕಾದ ಎಲ್ಲ ಸಾಮಾನು ಸಿಗುತ್ತದೆ, ಯಾವುದೇ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಕಂಬಿ ಮಾಡಿಸಲೂಬಹುದು. ಮಾಡಿಸುವುದಾದರೆ ಬೋಲ್ಟ್ ಬಿಚ್ಚಿ ತೆಗೆಯುವಂಥದ್ದು ಮಾಡಿಸಿ. ಗಾಡಿಯ ಮೈಗೇ ವೆಲ್ಡ್ ಮಾಡಿಸಬೇಡಿ. ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. ಕಂಪನಿಯದೇ ಅಕ್ಸೆಸರಿ ಸಿಕ್ಕರೆ ದುಡ್ಡು ಜಾಸ್ತಿಯಾದರೂ ಅದನ್ನೇ ತೆಗೆದುಕೊಳ್ಳಿ. ವಾರಂಟಿಯ ತಕರಾರೂ ಇರುವುದಿಲ್ಲ.

ಉಳಿದವು

ಬೆಡ್ ಪೂರ್ತಿ ಮುಚ್ಚುವ ಎತ್ತರದ ಕ್ಯಾನೊಪಿ ಹಾಕಿಸಿದವರಿಗೆ ಎರಡು ಕಂಬಿಯ ದಾರಿ ಸುಲಭ. ಅದರ ಛಾವಣಿಯಲ್ಲಿ ಕಂಬಿಗೆ ಜಾಗ ಇದ್ದರೆ ಕ್ಯಾಬಿನ್ ಒಂದು, ಕ್ಯಾನೊಪಿ ಒಂದು ಅಂತ ಹಾಕಿ ಮುಗಿಸಬಹುದು. ಕ್ಯಾಬಿನ್ ಮತ್ತು ಬೆಡ್ ತಿರುಚುವ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಟ್ರೇಲರ್ ಬಗ್ಗೆ ಕೇಳುವವರಿದ್ದಾರೆ. ಕಾನೂನಿನ ಕಣ್ಣಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ, ಅದಕ್ಕೆ ಬೇರೆ ನೋಂದಣಿ ಬೇಕು. ಒಂದು ಕಯಾಕ್‌ಗೋಸ್ಕರ ಇಷ್ಟು ಓಡಾಟ ಬೇಡ. ಕ್ಲಬ್ ನಡೆಸುವವರಿಗೆ, ನಾಲ್ಕೈದು ದೋಣಿ ಒಟ್ಟಿಗೆ ಸಾಗಿಸುವವರಿಗೆ ಮಾತ್ರ ಅದರ ಯೋಚನೆ.

ಗಾಳಿ ತುಂಬುವ ಕಯಾಕ್

ಅಪಾರ್ಟ್‌ಮೆಂಟಿನಲ್ಲಿ ಇರುವವರು ಇದನ್ನು ಗಂಭೀರವಾಗಿ ಪರಿಗಣಿಸಬೇಕು ಅಂತ ನನ್ನ ಮನವಿ. ಮಡಚಿದರೆ ದೊಡ್ಡ ಸೂಟ್‌ಕೇಸ್‌ನಷ್ಟು. ತೂಕ 12ರಿಂದ 18 ಕಿಲೋ. ಬೆಡ್‌ನಲ್ಲಿ ಇಟ್ಟು ಕವರ್ ಮುಚ್ಚಿದರೆ ಮುಗಿಯಿತು. ಕಂಬಿ ಇಲ್ಲ, ಹಗ್ಗ ಇಲ್ಲ, ಎತ್ತರದ ಚಿಂತೆ ಇಲ್ಲ, ಪೊಲೀಸರು ಕೈ ಅಡ್ಡ ಹಾಕಲು ಕಾರಣವಿಲ್ಲ. ಲಿಫ್ಟಿನಲ್ಲಿ ಮನೆಗೂ ಒಯ್ಯಬಹುದು. ಗಟ್ಟಿ ಕಯಾಕ್ ತಂದವರಿಗೆ ಅದನ್ನು ಇಡಲು ಜಾಗ ಹುಡುಕುವುದೇ ಒಂದು ಕೆಲಸ, ಅಪಾರ್ಟ್‌ಮೆಂಟ್ ಸಂಘದವರ ಒಪ್ಪಿಗೆಯೂ ಬೇಕಾಗುತ್ತದೆ.

ಒಳಗಡೆ ಸಾವಿರಾರು ದಾರಗಳಿಂದ ಮೇಲು ಪದರ, ಕೆಳ ಪದರ ಜೋಡಿಸಿರುವ ಡ್ರಾಪ್ ಸ್ಟಿಚ್ ನೆಲದ ಕಯಾಕ್ ತೆಗೆದುಕೊಂಡರೆ ನೆಲ ಹಲಗೆಯಂತೆ ಗಟ್ಟಿಯಾಗಿರುತ್ತದೆ, ನೀರಿನಲ್ಲಿ ನೇರ ಹೋಗುತ್ತದೆ. ಕಬಿನಿ, ಹೇಮಾವತಿ, ಶರಾವತಿ ಹಿನ್ನೀರಿಗೆ, ಕುಂದಾಪುರ ಹೊನ್ನಾವರ ಕಡೆಯ ಕಾಂಡ್ಲಾವನದ ನಿಧಾನ ನೀರಿಗೆ ಸಾಕು. ಬರಪೊಳೆಯಂಥ ಬಂಡೆಯ ನೀರಿಗೆ ಬೇಡ. ಜೋರು ಗಾಳಿ ಇದ್ದರೆ ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ, ಅದಕ್ಕೆ ತಳಕ್ಕೆ ರೆಕ್ಕೆ ಹಾಕಲೇಬೇಕು. ಬಳಸಿದ ಮೇಲೆ ಪೂರ್ತಿ ಒಣಗಿಸದೆ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಬೆಂಗಳೂರಿನ ಜುಲೈ ಆಗಸ್ಟ್ ತಿಂಗಳಲ್ಲಿ ಒಣಗಿಸುವುದು ಸುಲಭದ ಮಾತಲ್ಲ, ಬಾಲ್ಕನಿ ಬೇಕು.

ತಿಂಗಳಿಗೊಮ್ಮೆ ಎರಡು ತಿಂಗಳಿಗೊಮ್ಮೆ ನೀರಿಗಿಳಿಯುವ ಕುಟುಂಬಕ್ಕೆ ನಾನು ಇದನ್ನೇ ಹೇಳುತ್ತೇನೆ. ವಾರವಾರ ಹೋಗುವವರು, ಉದ್ದ ದೂರ ಹುಟ್ಟು ಹಾಕುವವರು ಗಟ್ಟಿ ಕಯಾಕ್ ಕೊಂಡು ಎರಡು ಕಂಬಿ ಹಾಕಿಸಿಕೊಳ್ಳಲಿ. ಗಾಡಿ ಹೊಸದು, ಕವರ್ ಇನ್ನೂ ಹಾಕಿಸಿಲ್ಲ ಅಂದರೆ ನಿಮ್ಮದು ಒಳ್ಳೆಯ ಸ್ಥಿತಿ. ಮೊದಲು ಕಯಾಕ್ ಯಾವುದು ಅಂತ ತೀರ್ಮಾನಿಸಿ, ಆಮೇಲೆ ಅದಕ್ಕೆ ಹೊಂದುವ ಕವರ್ ಹಾಕಿಸಿ. ಎಷ್ಟೋ ಜನ ಇದನ್ನು ಉಲ್ಟಾ ಮಾಡುತ್ತಾರೆ.

ಕಟ್ಟುವಾಗ

ವಿಧಾನ ಯಾವುದೇ ಆಗಲಿ, ಕಟ್ಟುವುದು ಸರಿ ಇಲ್ಲದಿದ್ದರೆ ಎಲ್ಲವೂ ವ್ಯರ್ಥ. ಲಾರಿಯವರು ಬಳಸುವ ರ‍್ಯಾಚೆಟ್ ಬೆಲ್ಟ್ ಬೇಡ. ಅದರ ಹಿಡಿ ಎರಡು ಸಲ ಹೆಚ್ಚಿಗೆ ಎಳೆದರೆ ಪ್ಲಾಸ್ಟಿಕ್ ತಳ ಒಳಕ್ಕೆ ತಗ್ಗುತ್ತದೆ. ಕೈಯಿಂದ ಎಳೆದು ಬಿಗಿಯುವ ಕ್ಯಾಮ್ ಬಕಲ್ ಬೆಲ್ಟ್ ತೆಗೆದುಕೊಳ್ಳಿ, ಎರಡೂವರೆ ಸೆಂಟಿಮೀಟರ್ ಅಗಲದ್ದು. ಬಕಲ್ ಕಯಾಕ್‌ಗೆ ಬಡಿಯದ ಹಾಗೆ ಅದರ ಕೆಳಗೆ ರಬ್ಬರ್ ತುಂಡು ಇರಲಿ. ಬೆಲ್ಟನ್ನು ಚಪ್ಪಟೆಯಾಗಿ ಬಿಟ್ಟರೆ ಗಾಳಿಗೆ ಗುಂಯ್ ಅಂತ ದಾರಿಯುದ್ದಕ್ಕೂ ಕಿವಿ ತಿನ್ನುತ್ತದೆ. ಒಂದು ತಿರುವು ಕೊಟ್ಟು ಕಟ್ಟಿದರೆ ಸದ್ದು ನಿಲ್ಲುತ್ತದೆ.

ಚಪ್ಪಟೆ ಕಂಬಿಯ ಮೇಲೆ ಕಯಾಕನ್ನು ಬೋರಲು ಹಾಕಿ. ತಳಕ್ಕಿಂತ ಅಂಚುಗಳು ಗಟ್ಟಿ. ಮಳೆ ಬಂದರೆ ನೀರೂ ತುಂಬುವುದಿಲ್ಲ. ಒಳಗೆ ಕೂರುವ ಕಯಾಕನ್ನು ಅಂಗಾತ ಮಲಗಿಸಿ ಒಯ್ಯುವುದಾದರೆ ಕೂರುವ ತೂತಿಗೆ ಮುಚ್ಚಳ ಬೇಕು. ಆಗುಂಬೆ ಕಡೆಯ ಒಂದು ಮಳೆ ಸಾಕು, ಒಳಗೆ ಹತ್ತಾರು ಲೀಟರ್ ನೀರು ನಿಂತು ಅಷ್ಟೇ ಕಿಲೋ ಭಾರ ಕಂಬಿಯ ಮೇಲೆ ಕೂರುತ್ತದೆ.

ಮೂತಿಯ ಹಗ್ಗವನ್ನು ಗಾಡಿಯ ಮುಂದಿನ ಟೋ ಕೊಕ್ಕೆಗೆ ಕಟ್ಟಿ, ಅಥವಾ ಬಾನೆಟ್ ಒಳಗಿನ ಬೋಲ್ಟಿಗೆ ಸಿಕ್ಕಿಸಿದ ಬೆಲ್ಟ್ ಕುಣಿಕೆಗೆ. ಬುಲ್ ಬಾರ್‌ಗೆ, ಅಂದರೆ ಬಂಪರ್ ಮುಂದೆ ಹಾಕಿಸುವ ಲೋಹದ ಕಂಬಿಗೆ ಕಟ್ಟುವ ಯೋಚನೆ ಬೇಡ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸರ್ಕಾರ ಬುಲ್ ಬಾರ್ ಹಾಕಿದವರ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದಿದೆ. ಹಗ್ಗವನ್ನು ಬಿಲ್ಲಿನಂತೆ ಬಗ್ಗುವಷ್ಟು ಎಳೆಯಬೇಡಿ. ಮೂತಿ ಮೇಲೇಳದಂತೆ ತಡೆಯುವುದಷ್ಟೇ ಅದರ ಕೆಲಸ.

ವೇಗ 80 ದಾಟಿಸಬೇಡಿ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 100 ಹೋಗಲು ಬಿಡುತ್ತಾರೆ, ನಿಜ. ಆದರೆ ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ಕಯಾಕ್ ಮೇಲಿನ ಒತ್ತಡ ಒಂದೂವರೆ ಪಟ್ಟು ಆಗುತ್ತದೆ. ಮನೆ ಬಿಟ್ಟು ಹತ್ತು ಹದಿನೈದು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಬೆಲ್ಟ್ ಎಳೆದು ನೋಡಿ. ಕನಕಪುರ ರಸ್ತೆಯಲ್ಲಿ ಭೀಮೇಶ್ವರಿಗೆ ಹೊರಟಿದ್ದರೆ ನೈಸ್ ರಸ್ತೆ ಜಂಕ್ಷನ್ ದಾಟಿದ ಮೇಲೆ, ತುಮಕೂರು ಕಡೆಗಾದರೆ ನೆಲಮಂಗಲದಲ್ಲಿ. ಊರೊಳಗಿನ ಹಂಪ್‌ಗಳಲ್ಲಿ ಕಯಾಕ್ ಕೂತು, ಬೆಲ್ಟ್ ಸ್ವಲ್ಪ ಸಡಿಲ ಆಗಿಯೇ ಇರುತ್ತದೆ. ಆಮೇಲೆ ಚಹಾಕ್ಕೆ ನಿಂತಾಗಲೆಲ್ಲ ಒಂದು ಸಲ ಕೈಯಾಡಿಸಿ. ಬಿಸಿಲಲ್ಲಿ ತುಂಬಾ ಹೊತ್ತು ನಿಲ್ಲಿಸುವುದಾದರೆ ಬೆಲ್ಟ್ ಸ್ವಲ್ಪ ಸಡಿಲಿಸಿ, ಯಾಕೆಂದರೆ ಕಾದ ಪ್ಲಾಸ್ಟಿಕ್ ಮೆತ್ತಗಾಗಿ ಬೆಲ್ಟಿನ ಗುರುತು ಹಾಗೇ ಉಳಿಯುತ್ತದೆ. ಹೊರಡುವ ಮೊದಲು ಮತ್ತೆ ಬಿಗಿಯಲು ಮಾತ್ರ ಮರೆಯಬೇಡಿ. ಅದಕ್ಕೆ ಕಾರಿನ ಕೀಲಿಯನ್ನು ಅದೇ ಬೆಲ್ಟಿನ ತುದಿಗೆ ಸಿಕ್ಕಿಸಿ ಇಟ್ಟರೆ ಮರೆಯಲು ದಾರಿಯೇ ಇರುವುದಿಲ್ಲ.